ನಿಮ್ಮ ಕಾದಂಬರೀಲಿ ಯಾರಿಗೂ ಭಯ ಇಲ್ಲ

ನಮಸ್ಕಾರ.

ನಿಮ್ಮ ಹಸ್ತಪ್ರತಿ ಪೂರ್ತಿ ಓದಿದೆ, 38 ಅಧ್ಯಾಯಾನೂ. ಈಗಿರೋ ರೂಪದಲ್ಲಿ ನಾವು ಪ್ರಕಟ ಮಾಡಕ್ಕಾಗಲ್ಲ. ಮೊದಲೇ ಹೇಳ್ಬಿಡ್ತಿದೀನಿ, ಯಾಕಂದ್ರೆ ಎರಡು ಪ್ಯಾರಾ ಹೊಗಳಿ ಮೂರನೇದ್ರಲ್ಲಿ 'ಆದರೆ' ಅಂತ ಶುರುವಾಗೋ ಪತ್ರ ಬರೆಯೋದೂ ಹಿಂಸೆ, ಓದೋದೂ ಹಿಂಸೆ. ಹಾಗಂತ ಒಂದು ಸಾಲು ಬರೆದು ವಾಪಸ್ ಕಳಿಸೋ ಬರಹಾನೂ ಅಲ್ಲ ಇದು. ಹನ್ನೊಂದನೇ ಅಧ್ಯಾಯ ಓದಿದ್ಮೇಲೆ ನಿಮಗೆ ಸ್ವಲ್ಪ ಉದ್ದಕ್ಕೇ ಬರೀಬೇಕು ಅನ್ನಿಸ್ತು, ಅದರ ವಿಷಯ ಆಮೇಲೆ.

ಜೊತೇಲಿಟ್ಟ ಪತ್ರದಲ್ಲಿ ನೀವು ಕೇಳಿದ್ರಿ, ನಿಷಿದ್ಧ ಪ್ರೇಮ ಇದೆ, ಕೊಲೆ ಇದೆ, ಪ್ರತಿ ಅಧ್ಯಾಯದ ಕೊನೇಲಿ ಟ್ವಿಸ್ಟ್ ಇದೆ, ಈ ಥರದ ಕಾದಂಬರಿ ಜನ ನಿದ್ದೆಗೆಟ್ಟು ಓದ್ತಾರೆ, ನಂದು ಓದಿದ ಫ್ರೆಂಡ್ಸ್ ಮಾತ್ರ ಚೆನ್ನಾಗಿದೆ ಚೆನ್ನಾಗಿದೆ ಅಂದು ಅರ್ಧಕ್ಕೇ ಬಿಟ್ಟಿದಾರೆ, ಯಾಕೆ ಅಂತ. ಫ್ರೆಂಡ್ಸ್ ಸುಳ್ಳು ಹೇಳಿಲ್ಲ ಬಿಡಿ, ವಾಕ್ಯಗಳು ನಿಜವಾಗ್ಲೂ ಚೆನ್ನಾಗಿವೆ. ಆದ್ರೆ ಓದ್ತಾ ಓದ್ತಾ ಒಂದು ಸಲಾನೂ ಎದೆ ಢವಢವ ಅನ್ನಲ್ಲ. ಸಿಕ್ಕಿಬಿದ್ರೆ ಏನಾಗುತ್ತೋ ಅನ್ನೋ ಹೆದರಿಕೆ ನಿಮ್ಮ ಪಾತ್ರಗಳಿಗೇ ಇಲ್ಲ, ಇನ್ನು ಓದುಗರಿಗೆ ಎಲ್ಲಿಂದ ಬರಬೇಕು?

ನಿಮ್ಮ ಕತೆಯ ಹೂರಣ ನೋಡಿ. ಒಬ್ಬಳ ಗಂಡನ ಕೊಲೆಯಾಗಿದೆ, ಅನುಮಾನ ಅವಳ ಮೇಲೇ ಇದೆ, ತನಿಖೆ ಮಾಡಕ್ಕೆ ಬಂದ ಅಧಿಕಾರಿಗೂ ಅವಳಿಗೂ ಪ್ರೀತಿ ಹುಟ್ಟುತ್ತೆ. ಇಂಥದ್ದು ಸಿಗೋದು ಅಪರೂಪ. ಬಹಳಷ್ಟು ಹಸ್ತಪ್ರತಿಗಳಲ್ಲಿ ಪ್ರೀತಿ ಒಂದು ಕಡೆ ಓಡ್ತಿರುತ್ತೆ, ಸಸ್ಪೆನ್ಸ್ ಇನ್ನೊಂದು ಕಡೆ, ಎರಡನ್ನೂ ಕಟ್ಟಿಹಾಕಕ್ಕೆ ಲೇಖಕರು ಒದ್ದಾಡ್ತಿರ್ತಾರೆ. ನಿಮ್ಮಲ್ಲಿ ಅವೆರಡೂ ಹುಟ್ಟೋದೇ ಒಂದೇ ಜಾಗದಲ್ಲಿ. ಅವನು ತನ್ನ ಕೆಲಸ ನೆಟ್ಟಗೆ ಮಾಡಿದ್ರೆ ಅವಳನ್ನ ಕಳ್ಕೋಬಹುದು, ಅವಳನ್ನ ಉಳಿಸ್ಕೊಂಡ್ರೆ ತಾನು ನಂಬಿಕೊಂಡು ಬಂದಿದ್ದೆಲ್ಲ ಹೋಗುತ್ತೆ. ಅವಳಿಗೋ, ಅವನು ಹತ್ರ ಬಂದಷ್ಟೂ ಪ್ರೀತಿ ಬರ್ತಿದೆ ಅಂತಾನೂ ಆಯ್ತು, ತನಿಖೆ ಬರ್ತಿದೆ ಅಂತಾನೂ ಆಯ್ತು. ಇಂಥ ಹೂರಣ ಕೈಗೆ ಸಿಕ್ಕಮೇಲೂ ನೀವು ಮೂರನೇ ಅಧ್ಯಾಯದಿಂದ ಅದನ್ನ ಬಿಟ್ಟು ಕೆಟ್ಟ ಅತ್ತೆ, ಲಂಚಕೋರ ಮೇಲಧಿಕಾರಿ, ಪದೇ ಪದೇ ರಿಂಗಾಗೋ ಫೋನು ಇವುಗಳ ಹಿಂದೆ ಹೋಗಿದೀರಿ.

ಅತ್ತೆಯಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಕತೆ ಸೋರೋಕೆ ಶುರುವಾಗೋದೇ ಅಲ್ಲಿ. ನಿಮ್ಮ ಕತೇಲಿ ಈ ಪ್ರೀತಿ ಬೇಡ ಅನ್ನೋರೆಲ್ಲ ಕೆಟ್ಟವರೇ. ಸತ್ತ ಗಂಡ ಹೊಡೀತಿದ್ದ, ಅವನ ತಾಯಿ ವಿಷ ಕಾರ್ತಾಳೆ, ಮೇಲಧಿಕಾರಿ ಕಳ್ಳ. ಹಾಗಾದ್ರೆ ಪ್ರೀತಿ ಮಾಡ್ಲಿ ಬಿಡಿ ಪಾಪ, ತಡೆಯೋರ್ಯಾರು? ನಿಷಿದ್ಧ ಪ್ರೇಮದ ಕತೆ ಓದೋವಾಗ ಮಜಾ ಬರೋದು ಓದೋರ ಮನಸ್ಸಿನ ಅರ್ಧ 'ಸೇರಲಿ' ಅಂತಿದ್ದು ಇನ್ನರ್ಧ 'ಅಯ್ಯೋ ಬೇಡ ಕಣೇ' ಅಂತಿದ್ದಾಗ. ತಡೆಯೋ ಕಡೇಲೂ ನ್ಯಾಯ ಇರಬೇಕು. ತನಿಖೆ ಮಾಡೋನು ಆರೋಪಿ ಆಗಬಹುದಾದವಳನ್ನ ಪ್ರೀತಿಸಬಾರದು ಅನ್ನೋ ನಿಯಮ ಯಾರನ್ನೋ ಗೋಳಾಡಿಸಕ್ಕೆ ಮಾಡಿದ್ದಲ್ಲ, ಸತ್ತೋನ ಪರವಾಗಿ ಕೇಳೋರು ಒಬ್ಬರಾದ್ರೂ ಇರಲಿ ಅಂತ ಮಾಡಿದ್ದು. ಆ ತಾಯೀನ ಒಳ್ಳೆಯವಳನ್ನಾಗಿ ಮಾಡಿ ನೋಡಿ. ಮಗ ಎಂಥೋನು ಅಂತ ಅವಳಿಗೂ ಗೊತ್ತು, ಆದ್ರೂ ಮಗ. ಅವಳು ನಂಬಿರೋದು ಈ ಒಬ್ಬ ಅಧಿಕಾರೀನ ಮಾತ್ರ, ಬಂದಾಗೆಲ್ಲ ಬಯ್ಯಲ್ಲ ಕಿರುಚಲ್ಲ, 'ಏನಾದ್ರೂ ಗೊತ್ತಾಯ್ತಾಪ್ಪಾ' ಅಂತ ಕೇಳಿ ಹೋಗ್ತಾಳೆ, ಅಷ್ಟೇ. ಈಗ ಅವನು ಸೊಸೆಗೆ ರಾತ್ರಿ ಮೆಸೇಜ್ ಮಾಡೋ ಸೀನ್ ಮತ್ತೆ ಬರೀರಿ, ಒಂದು ಅಕ್ಷರ ಬದಲಾಯಿಸದೇ ಇದ್ರೂ ಅದು ಬೇರೆ ಸೀನ್ ಆಗಿರುತ್ತೆ.

ವಿರೋಧ ಬಂದಷ್ಟೂ ಪ್ರೀತಿ ಗಟ್ಟಿಯಾಗುತ್ತೆ ಅಂತ ನೀವು ನಂಬಿದ ಹಾಗಿದೆ, ಅತ್ತೆ ಬೈದ ಮುಂದಿನ ಪುಟದಲ್ಲೇ ಇಬ್ಬರೂ ಇನ್ನಷ್ಟು ಹತ್ರ ಬಂದಿರ್ತಾರೆ. ಇದು ಹಳೇ ನಂಬಿಕೆ. 1972ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆ ರೋಮಿಯೋ ಜೂಲಿಯೆಟ್ ಪರಿಣಾಮ ಅಂತ ಹೆಸರೂ ಇಟ್ರು, ಅಪ್ಪ ಅಮ್ಮ ಅಡ್ಡ ಬಂದಷ್ಟೂ ಜೋಡಿಗಳ ಪ್ರೀತಿ ಏರಿದ್ದು ಕಂಡಿತ್ತು ಅವರಿಗೆ. 2014ರಲ್ಲಿ ಬೇರೆಯವರು ಅದನ್ನೇ ಮತ್ತೆ ಪರೀಕ್ಷೆ ಮಾಡಿದಾಗ ಹಾಗೇನೂ ಕಾಣಲಿಲ್ಲ, ಮನೆಯೋರು ಸ್ನೇಹಿತರು ಒಪ್ಪಿದ ಕಡೇನೇ ಸಂಬಂಧ ಚೆನ್ನಾಗಿತ್ತು. ಅಂದ್ರೆ ಜೀವನದಲ್ಲಿ ಬೈಗುಳ ತಾನಾಗೇ ಪ್ರೀತಿ ಬೆಳೆಸಲ್ಲ, ಕತೇಲಿ ಬೆಳೀಬೇಕು ಅಂದ್ರೆ ಆ ಕೆಲಸ ನೀವೇ ಮಾಡ್ಬೇಕು, ಅತ್ತೆಗೆ ವಹಿಸಿ ಕೂತ್ಕೊಳ್ಳಕ್ಕಾಗಲ್ಲ.

ಪ್ರೀತೀನ ಬೆಳೆಸೋದು ಗುಟ್ಟು. ಡೇನಿಯಲ್ ವೆಗ್ನರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಮತ್ತವನ ಜೊತೆಯವರು 1994ರಲ್ಲಿ ಒಂದು ಪ್ರಯೋಗ ಪ್ರಕಟ ಮಾಡಿದ್ರು. ಪರಿಚಯ ಇಲ್ಲದ ಹುಡುಗ ಹುಡುಗೀರನ್ನ ಜೋಡಿ ಮಾಡಿ ಇಸ್ಪೀಟ್ ಆಡಕ್ಕೆ ಕೂರಿಸಿ, ಕೆಲವು ಜೋಡಿಗಳಿಗೆ ಮೇಜಿನ ಕೆಳಗೆ ಕಾಲು ತಾಗಿಸ್ಕೊಂಡೇ ಆಡಿ ಅಂತ ಹೇಳಿದ್ರು. ಎದುರಿಗೆ ಕೂತೋರಿಗೆ ಇದು ಗೊತ್ತಾಗದ ಹಾಗೆ ಮುಚ್ಚಿಟ್ಟೋರಲ್ಲಿ ಆಮೇಲೆ ಒಬ್ಬರ ಮೇಲೊಬ್ಬರಿಗೆ ಸೆಳೆತ ಜಾಸ್ತಿ ಕಂಡುಬಂತು. ಒಂದು ವಿಷಯ ಮುಚ್ಚಿಡಬೇಕು ಅಂದ್ರೆ ಅದನ್ನ ಕ್ಷಣ ಕ್ಷಣಾನೂ ನೆನಪಿಟ್ಕೊಂಡೇ ಇರಬೇಕಲ್ಲ, ಆ ನೆನಪಿಟ್ಕೊಳ್ಳೋದೇ ಗೀಳಾಗುತ್ತೆ. ನಿಮ್ಮ ಜೋಡಿ ಏನನ್ನ ಮುಚ್ಚಿಡ್ತಿದಾರೆ ಹೇಳಿ? ಹದಿನಾಲ್ಕನೇ ಅಧ್ಯಾಯದಲ್ಲಿ ಪಾರ್ಕಲ್ಲಿ ಕೈಕೈ ಹಿಡ್ಕೊಂಡು ವಾಕಿಂಗ್ ಮಾಡ್ತಾರೆ! ಊರಿಗೆಲ್ಲ ಮುಖ ಗೊತ್ತಿರೋ ತನಿಖಾಧಿಕಾರಿ, ಪೇಪರಲ್ಲಿ ಫೋಟೋ ಬಂದಿರೋ ಹೆಂಗಸು, ಹಾಡಹಗಲು. ಯಾರೂ ತಿರುಗಿ ಕೂಡ ನೋಡಲ್ಲ.

ಸಸ್ಪೆನ್ಸ್ ಹೇಗೆ ಕಟ್ಟೋದು ಅಂತ ಕಲಿಯಕ್ಕೆ ನೀವು ಥ್ರಿಲ್ಲರ್‌ಗಳನ್ನೇ ಓದಬೇಕಿಲ್ಲ, ನಮ್ಮ ಹಳಗನ್ನಡ ಕವಿ ಜನ್ನನ್ನ ಓದಿ. 1209ರ ಯಶೋಧರ ಚರಿತೆ. ರಾಣಿ ಅಮೃತಮತಿ ಆನೆ ಮಾವುತನ ಹಾಡು ಕೇಳಿ ಮನಸೋಲ್ತಾಳೆ, ಯಾರು ಅಂತ ನೋಡ್ಕೊಂಡು ಬರಕ್ಕೆ ಕಳಿಸಿದ ಗೆಳತಿ ಬಂದು ಅವನು ಎಷ್ಟು ಕುರೂಪಿ ಅಂತ ವರದಿ ಕೊಟ್ರೂ ಕೇಳೋ ಸ್ಥಿತೀಲಿಲ್ಲ. ಆಮೇಲೊಂದು ರಾತ್ರಿ ರಾಜ ನಿದ್ದೆ ಬಂದೋನ ಹಾಗೆ ಮಲಗಿದಾನೆ, ಅವಳು ಎದ್ದು ಹೋಗ್ತಾಳೆ, ಅವನು ಕತ್ತಿ ಹಿಡ್ಕೊಂಡು ಹಿಂದೇನೇ ಹೋಗ್ತಾನೆ. ಅವಳು ತಡವಾಗಿ ಬಂದಿದ್ದಕ್ಕೆ ಮಾವುತ ಹೊಡೀತಾನೆ, ಅವಳು ಅವನನ್ನ ಸಮಾಧಾನ ಮಾಡ್ತಾಳೆ, ರಾಜ ಮರೇಲಿ ನಿಂತು ಅಷ್ಟೂ ನೋಡ್ತಿದಾನೆ. ನಮಗೆ ಗೊತ್ತು ಅವನು ಅಲ್ಲಿದಾನೆ ಅಂತ. ಅವಳಿಗೆ ಗೊತ್ತಿಲ್ಲ. ಎತ್ತಿದ ಕತ್ತಿ ಬೀಳಲ್ಲ, ತಡ್ಕೋತಾನೆ, ವಾಪಸ್ ಬಂದು ಮಲಗ್ತಾನೆ, ಅವಳೂ ಬಂದು ಪಕ್ಕದಲ್ಲೇ ಮಲಗ್ತಾಳೆ. ಬೇರೆ ಯಾರಾದ್ರೂ ಆಗಿದ್ರೆ ಕತ್ತಿ ಬೀಳಿಸಿ ಅಧ್ಯಾಯ ಮುಗಿಸಿಬಿಡ್ತಿದ್ರು. ಜನ್ನ ಮಾರನೇ ದಿನ ರಾಜನ ಕೈಲಿ ಸರಸಕ್ಕೆ ಅನ್ನೋ ಹಾಗೆ ಒಂದು ನೈದಿಲೆ ಹೂವಲ್ಲಿ ಅವಳಿಗೆ ಹೊಡೆಸ್ತಾನೆ, ಅವಳು ಮೂರ್ಛೆ ಬಂದ ಹಾಗೆ ನಟಿಸ್ತಾಳೆ, ಅವನು ಏನೋ ಚುಚ್ಚಿ ಮಾತಾಡ್ತಾನೆ, ಅಷ್ಟರಲ್ಲೇ ರಾಜನಿಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಿಬಿಡುತ್ತೆ. ಅಲ್ಲಿಂದ ವಿಷ ಹಾಕೋವರೆಗೂ ಒಂದೇ ಇಳಿಜಾರು. ಜನ್ನನಿಗೆ ಹೇಳಬೇಕಿದ್ದಿದ್ದು ಹಿಂಸೆಯ ಪಾಪದ ಬಗ್ಗೆ, ಪ್ರೇಮದ ಬಗ್ಗೆ ಅಲ್ಲವೇ ಅಲ್ಲ, ಆದ್ರೂ ಎಂಟು ಶತಮಾನ ಕಳೆದ್ಮೇಲೂ ಜನ ಮಾತಾಡೋದು ರಾಣಿ ಮತ್ತೆ ಮಾವುತನ ವಿಷಯಾನೇ.

ಇದರ ಪಕ್ಕದಲ್ಲಿ ನಿಮ್ಮ ವಿಧಾನ ಇಟ್ಟು ನೋಡಿ. ನಿಮ್ಮ ನಾಯಕಿ 'ನಾನು' ಅಂತ ತಾನೇ ಕತೆ ಹೇಳ್ತಿದಾಳೆ, ಆ ರಾತ್ರಿ ಏನು ನಡೀತು ಅಂತ ಅವಳಿಗೆ ಮೊದಲ ಪುಟದಿಂದ ಗೊತ್ತು, ನಮಗೆ ಮಾತ್ರ 36ನೇ ಅಧ್ಯಾಯದವರೆಗೆ ಹೇಳಲ್ಲ, ಮಧ್ಯೆ ಮಧ್ಯೆ 'ಆ ರಾತ್ರಿಯ ಸತ್ಯ ನನ್ನೊಳಗೇ ಉಳಿಯಿತು' ಅಂತ ಬೇರೆ ಕೆಣಕ್ತಾಳೆ. ಇದು ಸಸ್ಪೆನ್ಸ್ ಅಲ್ಲ, ಓದುಗರ ಜೊತೆ ಕಣ್ಣಾಮುಚ್ಚಾಲೆ. ನನ್ನ ಮಾತು ಕೇಳೋದಾದ್ರೆ ಎರಡನೇ ಅಧ್ಯಾಯದಲ್ಲೇ ನಮಗೆ ಹೇಳ್ಬಿಡಿ, ಬಾಗಿಲು ತೆಗೆದಿಟ್ಟಿದ್ದು ಅವಳೇ ಅಂತ. ಕೊಂದಿದ್ದು ಅವಳಲ್ಲ, ಆದ್ರೆ ಕೊಂದೋನು ಒಳಗೆ ಬಂದಿದ್ದು ಅವಳು ತೆಗೆದಿಟ್ಟ ಬಾಗಿಲಿಂದ. ನಮಗೆ ಗೊತ್ತು, ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆಮೇಲೆ ಅವನು ಸುಮ್ನೆ ಆ ಬಾಗಿಲಿಗೆ ಒರಗಿ ನಿಂತ್ರೂ ಸಾಕು, ಓದೋರು ಉಸಿರು ಬಿಗಿ ಹಿಡೀತಾರೆ. ಅಧ್ಯಾಯದ ಕೊನೆಗೆ ಫೋನ್ ರಿಂಗ್ ಮಾಡಿಸೋದು, ಬಾಗಿಲು ಬಡಿಸಿ ಮುಂದಿನ ಪುಟದಲ್ಲಿ ಪಕ್ಕದ ಮನೆಯೋರು ಅನ್ನೋದು, ಇವೆಲ್ಲ ಆಗ ಬೇಕಾಗೋದೇ ಇಲ್ಲ.

ಈಗ ಹನ್ನೊಂದನೇ ಅಧ್ಯಾಯಕ್ಕೆ ಬರ್ತೀನಿ. ಅವಳು ಹೇಳಿಕೆ ಕೊಡ್ತಿದಾಳೆ, ಅವನು ಬರ್ಕೋತಿದಾನೆ. ಮಾತಿನ ಭರದಲ್ಲಿ ಒಂದು ಸಾಲು ಬಾಯಿ ತಪ್ಪಿ ಬಂದುಬಿಡುತ್ತೆ, 'ನಾನಿನ್ನೂ ಎಚ್ಚರ ಇದ್ದೆ' ಅಂತ. ಅವನ ಪೆನ್ನು ನಿಲ್ಲುತ್ತೆ. ಮತ್ತೆ ಬರೀತಾನೆ. ಕೊನೇಲಿ ಓದಿ ಸಹಿ ಹಾಕಿ ಅಂತ ಹಾಳೆ ಮುಂದೆ ಸರಿಸ್ತಾನೆ, ಅವಳು ಓದ್ತಾ ಹೋಗ್ತಾಳೆ, ಆ ಸಾಲು ಅಲ್ಲಿಲ್ಲ. ಇಬ್ಬರೂ ಮಾತಾಡಲ್ಲ. ಸಹಿ ಹಾಕ್ತಾಳೆ. ಮೇಡಂ, ಇಡೀ ಕಾದಂಬರೀಲಿ ನಿಜವಾದ ಪ್ರೇಮದ ದೃಶ್ಯ ಇದೊಂದೇ, ಆಮೇಲಿನ ಮಳೆ, ಅಪ್ಪುಗೆ, ಮುತ್ತು ಎಲ್ಲಾ ಸೇರಿದ್ರೂ ಇದರ ಹತ್ರ ಬರಲ್ಲ. ಅವನು ಮುಟ್ಟಲೂ ಇಲ್ಲ, ಆದ್ರೆ ಅವಳಿಗೋಸ್ಕರ ತಪ್ಪು ಮಾಡಿಬಿಟ್ಟ, ಮತ್ತೆ ಆ ತಪ್ಪಿಗೆ ಸಾಕ್ಷಿ ಅವಳೊಬ್ಬಳೇ. ಈಗ ಇಬ್ಬರ ಕೈಲೂ ಇನ್ನೊಬ್ಬರ ಜುಟ್ಟು ಇದೆ. ದುಃಖ ಏನಂದ್ರೆ ಹನ್ನೆರಡನೇ ಅಧ್ಯಾಯದಲ್ಲಿ ನೀವು ಇದನ್ನ ಮರೆತೇಬಿಟ್ರಿ! ಆ ಬಿಟ್ಟುಹೋದ ಸಾಲು ಮುಂದೆ ಎಲ್ಲೂ ಬರಲ್ಲ. ಅದನ್ನ ಇನ್ನೊಬ್ಬರು ಕೇಳಿಸ್ಕೊಂಡಿದ್ರೆ? ರೂಮಲ್ಲಿ ಕಾನ್‌ಸ್ಟೇಬಲ್ ಒಬ್ಬಳು ಕೂತಿದ್ಲು ಅಂತ ನೀವೇ ಬರ್ದಿದೀರಲ್ಲ, ಅವಳಿಗೆ ಕಿವಿ ಇಲ್ವಾ?

ಇನ್ನೊಂದು ವಿಷಯ ಸ್ವಲ್ಪ ಖಾರವಾಗೇ ಹೇಳಬೇಕು. ಇಪ್ಪತ್ತನೇ ಅಧ್ಯಾಯದಲ್ಲಿ ಅವನು ಮಧ್ಯರಾತ್ರಿ ಅವಳ ಮನೆಗೆ ಬರ್ತಾನೆ, ಅವಳು ಹೋಗಿ ಅಂದ್ರೂ ಹೋಗಲ್ಲ, ನೀವು ಅದನ್ನ ಪ್ರೀತಿಯ ಹಠ ಅಂತ ಕರೆದಿದೀರಿ. ಅವಳನ್ನ ಜೈಲಿಗೆ ಹಾಕೋ ಅಧಿಕಾರ ಇರೋನು ಅವನು. ಅವನೆದುರು ಅವಳು 'ಇಲ್ಲ' ಅನ್ನೋದಾದ್ರೂ ಹೇಗೆ? ನೀವು ಇದನ್ನ ಗಮನಿಸದೇ ಬರೆದ್ರೆ ಓದುಗರು ಗಮನಿಸ್ತಾರೆ, ಅವನ ಮೇಲೆ ಅಸಹ್ಯ ಹುಟ್ಟಿ ಪುಸ್ತಕ ಮುಚ್ತಾರೆ. ಗಮನಿಸಿ ಬರೆದ್ರೆ ನಿಮ್ಮ ಕಾದಂಬರಿಯ ನಿಜವಾದ ಪ್ರಶ್ನೆ ಅಲ್ಲೇ ಇದೆ, ಅವಳು ಅವನನ್ನ ಪ್ರೀತಿಸ್ತಿದಾಳಾ ಅಥವಾ ಬಚಾವಾಗ್ತಿದಾಳಾ? ಅವಳಿಗೇ ಗೊತ್ತಿಲ್ಲದೇ ಇರಲಿ. ಕೊಂದಿದ್ದು ಯಾರು ಅನ್ನೋದಕ್ಕಿಂತ ಇದನ್ನ ತಿಳ್ಕೊಳ್ಳಕ್ಕೇ ನಾನು ಪುಟ ತಿರುಗಿಸ್ತೀನಿ. ಮತ್ತೆ ಆ ರಾತ್ರಿ ಅವನು ಬಾಗಿಲವರೆಗೂ ಬಂದು ಬೆಲ್ ಒತ್ತದೇ ವಾಪಸ್ ಹೋದ್ರೆ, ಅವಳು ಒಳಗೆ ಕಿಟಕಿಯಿಂದ ಅದನ್ನ ನೋಡಿದ್ರೆ, ಅವನ ಮೇಲಿನ ಮರ್ಯಾದೇನೂ ಉಳಿಯುತ್ತೆ ಭಯಾನೂ ಉಳಿಯುತ್ತೆ.

ಕೊನೆ. ಅವನು ಅರ್ಧ ಪುಟದಲ್ಲಿ ರಾಜೀನಾಮೆ ಕೊಟ್ಟು ಮುಂದಿನ ಅರ್ಧ ಪುಟದಲ್ಲಿ ಮದುವೆ ಆಗಿಬಿಡ್ತಾನೆ. ಸುಖಾಂತ ಬೇಡ ಅಂತ ನಾನು ಹೇಳ್ತಿಲ್ಲ, ರೊಮ್ಯಾನ್ಸ್ ಓದೋರು ಸುಖಾಂತ ಸಿಗುತ್ತೆ ಅನ್ನೋ ಭರವಸೆ ಮೇಲೇ ಪುಸ್ತಕ ಕೈಗೆತ್ಕೊಳ್ಳೋದು. ಕೊನೆ ಗೊತ್ತಿದ್ರೆ ಸಸ್ಪೆನ್ಸ್ ಸಾಯುತ್ತೆ ಅಂತಾನೂ ಹೆದರಬೇಡಿ, ಶೇಕ್ಸ್‌ಪಿಯರ್ ರೋಮಿಯೋ ಜೂಲಿಯೆಟ್‌ನ ಪ್ರೊಲಾಗ್‌ನಲ್ಲೇ ಇಬ್ಬರೂ ಸಾಯ್ತಾರೆ ಅಂತ ಹೇಳಿಯೇ ನಾಟಕ ಶುರು ಮಾಡ್ತಾನೆ. ಸೇರಲಿ, ಆದ್ರೆ ಬಿಟ್ಟಿ ಸೇರಬಾರದು. ಆ ತಾಯಿ ಮುಂದೆ ಅವನು ಹೋಗಿ ನಿಂತ್ಕೊಂಡು ಹಾಳೇಲಿ ಬಿಟ್ಟ ಸಾಲನ್ನ ಬಾಯಲ್ಲಿ ಹೇಳಲಿ. ಅವಳು ಕ್ಷಮಿಸಬೇಕು ಅಂತೇನಿಲ್ಲ.

ಭಾಷೆ ಬಗ್ಗೆ ಹೆಚ್ಚು ಹೇಳೋದಿಲ್ಲ. ಮುತ್ತು ಕೊಡೋವಾಗೆಲ್ಲ ಮಳೆ ಬರೋದು ನಿಲ್ಲಲಿ, 'ಮೈಯಲ್ಲಿ ವಿದ್ಯುತ್ ಸಂಚಾರ' ಒಂದು ಸಲಾನೂ ಬೇಡ. ಸಂಭಾಷಣೆ ನಿಮ್ಮ ಶಕ್ತಿ, ಆದ್ರೆ ಪಾತ್ರಗಳು ಮನಸಲ್ಲಿರೋದನ್ನೆಲ್ಲ ಬಾಯಲ್ಲೇ ಹೇಳ್ಬಿಡ್ತಾರೆ. ಕದ್ದು ಪ್ರೀತಿ ಮಾಡೋರು ಹಾಗೆ ಮಾತಾಡಲ್ಲ, ಬೇರೆಯವರಿದ್ದಾಗ ಕೇಸಿನ ವಿಷಯ ಮಾತಾಡ್ತಾನೇ ಒಳಗೊಳಗೆ ಬೇರೇನೋ ಹೇಳ್ತಿರ್ತಾರೆ.

ಪೂರ್ತಿ ಮತ್ತೆ ಬರೆದು ಕಳಿಸಬೇಡಿ, ಈಗಲೇ ಬೇಡ. ಎರಡನೇ ಅಧ್ಯಾಯ ಬಾಗಿಲಿನ ವಿಷಯ ಹೇಳಿ ಬರೀರಿ, ಹನ್ನೊಂದನೇದನ್ನ ಮುಟ್ಟಬೇಡಿ, ಹನ್ನೆರಡನೇದು ಹೊಸದಾಗಿ ಬರೀರಿ, ಆ ಕಾನ್‌ಸ್ಟೇಬಲ್ ಕಡೆಯಿಂದ ಶುರು ಮಾಡಿ. ಈ ಮೂರು ಅಧ್ಯಾಯ ಕಳಿಸಿ, ಓದ್ತೀನಿ. ಫೈಲಿಗೆ ದಯವಿಟ್ಟು ಪುಟಸಂಖ್ಯೆ ಹಾಕಿ.