ಆಗುಂಬೆಯ ಕಲ್ಚರ್‌ಗಳನ್ನು ವಿದೇಶಿ ಲ್ಯಾಬ್‌ಗೆ ಕಳಿಸಬಹುದೇ?

ಆಗುಂಬೆ ಕಾಡಿನ ಮಣ್ಣಿನಿಂದ ನೀವು ಬೇರ್ಪಡಿಸಿ ಲ್ಯಾಬಿನಲ್ಲಿ ಬೆಳೆಸಿಟ್ಟ ಶಿಲೀಂಧ್ರಗಳನ್ನು, ಅಂದರೆ ಕಲ್ಚರ್‌ಗಳನ್ನು, ವಿದೇಶದ ಪ್ರೊಫೆಸರೊಬ್ಬರು ಕೇಳುತ್ತಿದ್ದಾರೆ, ಅವುಗಳ ಡಿಎನ್‌ಎ ಓದುವ ಸೀಕ್ವೆನ್ಸಿಂಗ್ ಪುಕ್ಕಟೆ ಮಾಡಿಕೊಡುತ್ತಾರಂತೆ, ಕಳಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕಳಿಸಬೇಡಿ.

ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುವಾಗ ನಾನು ಕಳಿಸಿಬಿಟ್ಟಿದ್ದೆ. ಎರಡು ಮಳೆಗಾಲ ಜಿಗಣೆ ಕಚ್ಚಿಸಿಕೊಂಡು ಒಟ್ಟುಮಾಡಿದ ಕಲ್ಚರ್‌ಗಳು, ಜೊತೆಗೆ ಪೂರ್ತಿ ಎಕ್ಸೆಲ್ ಶೀಟು. ಮಾತೆಲ್ಲ ಇಮೇಲ್‌ನಲ್ಲೇ. ಒಂದೂವರೆ ವರ್ಷದ ಮೇಲೆ ಪೇಪರ್ ಬಂತು, ಕೃತಜ್ಞತೆಯ ಸಾಲಿನಲ್ಲೂ ನನ್ನ ಹೆಸರಿರಲಿಲ್ಲ. ನಾನು ಕಳಿಸಿದ್ದೇ ತಪ್ಪು ಅಂತ ಆಮೇಲೆ ತಿಳಿದಾಗ ಎದೆ ಧಸಕ್ಕೆಂದಿತು.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ಇಲ್ಲಿನ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಸೂಕ್ಷ್ಮಜೀವಿಗಳೂ ಇದರಲ್ಲಿ ಬರುತ್ತವೆ. ಸಂಶೋಧನೆಯ ಫಲಿತಾಂಶವನ್ನು ಅವರಿಗೆ ಕೊಡಲೂ ಅನುಮತಿ ಬೇಕು, ನೀವು ಒಂದು ರೂಪಾಯಿ ಪಡೆಯದಿದ್ದರೂ. ಸಂಸ್ಥೆ-ಸಂಸ್ಥೆಗಳ ನಡುವಿನ, ಕೇಂದ್ರ ಸರ್ಕಾರ ಒಪ್ಪಿದ ಸಹಯೋಗಕ್ಕೆ ವಿನಾಯಿತಿ ಇದೆ. ಇಬ್ಬರ ಇಮೇಲ್ ಸ್ನೇಹಕ್ಕೆ ಇಲ್ಲ.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಮಂಗನ ಕಾಯಿಲೆಯ ವೈರಸ್ ಪತ್ತೆ ಮಾಡಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದನ್ನು ಕಟ್ಟಿದ್ದರಲ್ಲಿ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಪಾಲಿತ್ತು. ರಷ್ಯಾದ ಒಂದು ವೈರಸ್ಸಿಗೆ ಇದು ಹೋಲುತ್ತಿದ್ದುದರಿಂದ, ಅದನ್ನು ಹರಡುವ ಉಣುಗುಗಳನ್ನು ವಲಸೆ ಹಕ್ಕಿಗಳು ಹೊತ್ತು ತಂದವೇನೋ ಎಂಬ ಅನುಮಾನ ಹುಟ್ಟಿತು. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಲಸೆ ಗುರುತಿಸುವ ಪಕ್ಷಿತಜ್ಞ ಸಲೀಂ ಅಲಿಯವರ ಕೆಲಸಕ್ಕೆ ಮುಂದೆ ಅಮೆರಿಕದ ಸೇನೆಯ ಯೋಜನೆಯೊಂದರ ಹಣ ಬಂತು. 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಇಂಥ ಯೋಜನೆಗಳನ್ನು ಪ್ರಶ್ನಿಸಿತು. ಹೊರಗಿನ ನೆರವಿಲ್ಲದೆ ಮಂಗನ ಕಾಯಿಲೆಯ ಮೂಲ ಅಷ್ಟು ಬೇಗ ಸಿಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ, ಸಹಯೋಗವೇ ಬೇಡ ಎನ್ನಲಾರೆ. ಆದರೆ ಹಣ ಯಾರದ್ದು, ಮಾಹಿತಿ ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲ ದಿನವೇ ಕಾಗದದ ಮೇಲಿರಬೇಕು.

ನಿಮ್ಮ ಗೈಡ್ ಮೂಲಕ ವಿಷಯವನ್ನು ರಿಜಿಸ್ಟ್ರಾರ್‌ವರೆಗೆ ಒಯ್ಯಿರಿ. ಮಾದರಿ ವರ್ಗಾವಣೆ ಒಪ್ಪಂದಕ್ಕೆ ವಿಶ್ವವಿದ್ಯಾಲಯವೇ ಸಹಿ ಹಾಕಲಿ. ಯಾವ ಕೆಲಸಕ್ಕೆ ಬಳಸುತ್ತಾರೆ, ಬೇರೆಯವರಿಗೆ ಕೊಡಬಹುದೇ, ಪೇಪರಿನಲ್ಲಿ ಯಾರ ಹೆಸರು, ಪೇಟೆಂಟ್ ಆದರೆ ಪಾಲೇನು, ಎಲ್ಲ ಅದರಲ್ಲಿ ಬರೆಸಿ. ಅದಕ್ಕೂ ಮೊದಲು ಒಂದು ಸೆಟ್ ಕಲ್ಚರ್ ಅನ್ನು ಪುಣೆಯ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹಕ್ಕೆ ಕೊಟ್ಟು ನೋಂದಣಿ ಸಂಖ್ಯೆ ಪಡೆಯಿರಿ. ಶಿಲೀಂಧ್ರದ ಜಾತಿ ಗುರುತಿಸಲು ಬಳಸುವ ಐಟಿಎಸ್ ಎಂಬ ಡಿಎನ್‌ಎ ತುಣುಕಿನ ಸೀಕ್ವೆನ್ಸಿಂಗ್ ಅಷ್ಟೇ ಸಾಕು ಅಂದರೆ ಅದು ಬೆಂಗಳೂರಿನಲ್ಲೇ ಆಗುತ್ತದೆ.