ಪ್ಲಗ್ ಬದಲಾಯಿಸಿದರೂ ಮೈಲೇಜ್ ಏರಲಿಲ್ಲ

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ತುಮಕೂರು–ಬೆಂಗಳೂರು ಓಡಾಟದಲ್ಲಿ ಲೀಟರ್‌ಗೆ 17 ಕಿ.ಮೀ. ಕೊಡುತ್ತಿತ್ತು. ಆರು ತಿಂಗಳಿಂದ 13 ದಾಟುತ್ತಿಲ್ಲ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ದಾಯಿತು. ಚೆಕ್ ಎಂಜಿನ್ ದೀಪ ಉರಿಯುತ್ತಿಲ್ಲ. ಎಲ್ಲರೂ ಇ20 (ಶೇ 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಕಾಟ ಅನ್ನುತ್ತಾರೆ. ನಿಜವೇ?

ಉತ್ತರ: ಸ್ವಲ್ಪ ನಿಜ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇ 20 ಬೆರೆಸಿದರೆ ನಷ್ಟ ಶೇ 6–7. ಅಂದರೆ 17 ಇದ್ದದ್ದು 16ರ ಆಸುಪಾಸಿಗೆ ಬಂದೀತು. 13ಕ್ಕೆ ಬಿದ್ದಿದೆ ಅಂದ್ರೆ ಬೇರೇನೋ ಇದೆ.

ಮೊದಲು ಆ 13 ನಿಜವಾ ನೋಡಿ. ಡ್ಯಾಶ್‌ಬೋರ್ಡ್ ಲೆಕ್ಕ ನಂಬಬೇಡಿ. ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, 300 ಕಿ.ಮೀ. ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ತುಂಬಿಸಿ. ಓಡಿದ ದೂರವನ್ನು ಹಿಡಿದ ಲೀಟರ್‌ನಿಂದ ಭಾಗಿಸಿ.

ಆಗಲೂ 13 ಬಂದರೆ ನನ್ನ ಅನುಮಾನ ಬ್ರೇಕಿನ ಮೇಲೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಅದು ಜಾರುವ ಪಿನ್‌ನ ಗ್ರೀಸ್ ಒಣಗಿ ತುಕ್ಕು ಹಿಡಿದರೆ, ಪೆಡಲ್ ಬಿಟ್ಟರೂ ಪ್ಯಾಡ್ ಡಿಸ್ಕನ್ನು ಪೂರ್ತಿ ಬಿಡುವುದಿಲ್ಲ. ಕಾರು ಬ್ರೇಕ್ ಹಾಕಿಕೊಂಡೇ ಓಡುತ್ತದೆ. ಇದಕ್ಕೆ ಚೆಕ್ ಎಂಜಿನ್ ದೀಪ ಉರಿಯುವುದಿಲ್ಲ. ಹೆದ್ದಾರಿಯಲ್ಲಿ 15 ಕಿ.ಮೀ. ಓಡಿಸಿ, ಕೊನೆಗೆ ಬ್ರೇಕ್ ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ. ಮುಟ್ಟಬೇಡಿ, ಸುಡುತ್ತೆ. ನನ್ನ ಹಳೇ ಕಾರಿನಲ್ಲಿ ಎಡಗಡೆ ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಕಾದ ದೋಸೆ ಹೆಂಚಿನ ಹಾಗೆ ಚುಂಯ್ ಅಂದಿತು. ಬಲಗಡೆಯದು ಬರೀ ಬೆಚ್ಚಗಿತ್ತು. ಪಿನ್ ಬಿಚ್ಚಿ, ಉಜ್ಜಿ, ಬ್ರೇಕ್ ಗ್ರೀಸ್ ಹಚ್ಚಿದ ಮೇಲೆ ಸರಿಹೋಯಿತು. ಹ್ಯಾಂಡ್‌ಬ್ರೇಕ್ ಕೇಬಲ್ ಜಾಸ್ತಿ ಬಿಗಿಯಾಗಿದ್ದರೆ ಹಿಂದಿನ ಚಕ್ರಗಳಿಗೂ ಇದೇ ಕಥೆ.

ಬ್ರೇಕ್ ಸರಿಯಿದ್ದರೆ ಥರ್ಮೋಸ್ಟಾಟ್ ನೋಡಿಸಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ರೇಡಿಯೇಟರ್‌ಗೆ ಹೋಗದಂತೆ ತಡೆಯುವ ವಾಲ್ವ್ ಅದು. ಅದು ತೆರೆದೇ ಉಳಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಗಾಡಿ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ನಡುವಿನಿಂದ ಕೆಳಗಿಳಿದರೆ ಅದೇ ಗುರುತು. ಮುಳ್ಳಿಲ್ಲದ ಕಾರಾದರೆ ಗ್ಯಾರೇಜಿನಲ್ಲಿ ಓಬಿಡಿ ಸ್ಕ್ಯಾನರ್ (ಇಸಿಯು ಮಾಹಿತಿ ಓದುವ ಸಾಧನ) ಹಾಕಿಸಿ. ಅರ್ಧ ಗಂಟೆ ಓಡಿದ ಮೇಲೂ ಕೂಲೆಂಟ್ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ ಬದಲಾಯಿಸಿ. ಹಾಗೇ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ರೀಡಿಂಗ್ ಕೂಡ ನೋಡಲು ಹೇಳಿ.

ಏರ್ ಫಿಲ್ಟರ್ ವಿಷಯ ಹೇಳಲೇಬೇಕು. ಅದು ಮೈಲೇಜ್ ತಿನ್ನುತ್ತದೆ ಅನ್ನುವುದು ಕಾರ್ಬುರೇಟರ್ ಕಾಲದ ಮಾತು. ನಿಮ್ಮದರಂಥ ಇಂಜೆಕ್ಷನ್ (ಇಸಿಯು ಅಳೆದು ಪೆಟ್ರೋಲ್ ಬಿಡುವ) ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಹೋಗುವುದು ಪಿಕಪ್.

ಇಷ್ಟಕ್ಕೆಲ್ಲ ಮುಂಚೆ, ನಾಳೆ ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ. ಅಂಗಡಿಯವನ ಅಂದಾಜು ಬೇಡ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ.