ನೀರು ಬರಲಿ, ಪಂಚಾಯಿತಿಯೂ ಇರಲಿ

ಬೆಂಗಳೂರಿನ ಪೂರ್ವದಂಚಿನ ಗ್ರಾಮ ಪಂಚಾಯಿತಿಯೊಂದರ ಬಡಾವಣೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರದ ಸಾರ ಇಷ್ಟು: ‘ನಮಗೆ ಕಾವೇರಿ ನೀರಿಲ್ಲ, ಒಳಚರಂಡಿಯಿಲ್ಲ. ಬೇಸಿಗೆ ಪೂರ್ತಿ ಟ್ಯಾಂಕರೇ ಗತಿ. ಊರನ್ನು ಪಾಲಿಕೆಗೆ ಸೇರಿಸಿ ಎಂದು ನಾವು ಸಹಿ ಸಂಗ್ರಹಿಸುತ್ತಿದ್ದರೆ ಹಳೇ ಊರಿನವರು ಅಡ್ಡಗಾಲು ಹಾಕುತ್ತಿದ್ದಾರೆ. ತೆರಿಗೆ ಏರುತ್ತದೆ ಅನ್ನುವುದೊಂದೇ ಅವರ ಚಿಂತೆ. ನಮ್ಮಲ್ಲಿ ಹೆಚ್ಚಿನವರ ಮತ ನಗರದ ಹಳೆಯ ವಿಳಾಸದಲ್ಲೇ ಇರುವುದರಿಂದ ಗ್ರಾಮಸಭೆಯಲ್ಲಿ ನಮ್ಮ ಮಾತು ನಡೆಯದು. ಅಭಿವೃದ್ಧಿ ಬೇಡವೆನ್ನುವವರಿಗೆ ನಿಮ್ಮ ಪತ್ರಿಕೆ ನಾಲ್ಕು ಬುದ್ಧಿಮಾತು ಹೇಳಬಾರದೇ?’

ಬುದ್ಧಿಮಾತು ಹೇಳುವುದಾದರೆ ಮೊದಲು ನಿಮಗೇ ಹೇಳಬೇಕಾಗುತ್ತದೆ, ಬೇಸರಿಸಬೇಡಿ.

ನಿಮ್ಮ ಕಷ್ಟ ಸುಳ್ಳಲ್ಲ. 2024ರ ಬೇಸಿಗೆಯಲ್ಲಿ ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ನೂರಾರು ಫ್ಲಾಟುಗಳ ಕೊಳಚೆಯನ್ನು ಸಂಭಾಳಿಸುವ ಶಕ್ತಿ ಪಂಚಾಯಿತಿಗಿಲ್ಲ ಅನ್ನುವುದೂ ನಿಜ. ಅದನ್ನು ಒಪ್ಪಿಯೇ ಮುಂದಿನ ಮಾತು.

2007ರ ಜನವರಿಯಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರಿನ ದೊಡ್ಡ ಯೋಜನೆ, ಸಂತೋಷವೇ. ಆದರೆ ಊರು ಪಾಲಿಕೆಗೆ ಸೇರಿದ ವರ್ಷ ಒಂದನೇ ಕ್ಲಾಸಿಗೆ ಹೋದ ಹುಡುಗಿ ಅಷ್ಟರಲ್ಲಿ ಡಿಗ್ರಿ ಮುಗಿಸಿದ್ದಳು. ಪಾಲಿಕೆಯ ತೆರಿಗೆ ನೋಟಿಸು ಅಷ್ಟು ಕಾಲ ಕಾಯಲಿಲ್ಲ. ನಿಮ್ಮೂರಿನ ಹಿರಿಯರು ಇದನ್ನು ಪಕ್ಕದ ಊರಿನಲ್ಲಿ ನಿಂತು ನೋಡಿದವರು. ಅವರ ಅನುಮಾನವನ್ನು ತೆರಿಗೆಗಳ್ಳತನ ಎಂದು ತಳ್ಳಿಹಾಕುವುದು ಅನ್ಯಾಯ.

ನೀರು ಬೇಕಾದರೆ ಪಾಲಿಕೆಗೆ ಸೇರಲೇಬೇಕು ಎಂದು ನಿಮಗೆ ಯಾರು ಹೇಳಿದರು? ಯಲಹಂಕ, ಬೊಮ್ಮನಹಳ್ಳಿ, ಮಹದೇವಪುರದಂಥವು ಇನ್ನೂ ನಗರಸಭೆಗಳಾಗಿದ್ದಾಗಲೇ ಅಲ್ಲಿಗೆ ಕಾವೇರಿ ಒಯ್ಯುವ ಯೋಜನೆ ಶುರುವಾಗಿತ್ತು, ಮನೆಮನೆಯಿಂದ ಮುಂಗಡ ವಂತಿಗೆಯನ್ನೂ ಕಟ್ಟಿಸಿಕೊಂಡಿದ್ದರು. ರಾಜ್ಯದ ತುಂಬ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಿವೆ. ಒಂದೇ ಹೊಳೆಯ ನೀರು ಹತ್ತಾರು ಪಂಚಾಯಿತಿಗಳಿಗೆ ಹರಿಯುತ್ತದೆ, ಯಾವ ಪಂಚಾಯಿತಿಯೂ ಅದಕ್ಕಾಗಿ ತನ್ನ ಅಸ್ತಿತ್ವ ಬಿಟ್ಟುಕೊಟ್ಟಿಲ್ಲ. ಕಾವೇರಿಯ ಕೊಳವೆಯನ್ನೇ ನೋಡಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ನೂರು ಕಿಲೋಮೀಟರು ದೂರಕ್ಕೆ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿ ಬರುವ ನೀರು ಅದು. ದಾರಿಯಲ್ಲಿ ಎಷ್ಟೋ ಪಂಚಾಯಿತಿಗಳ ನೆಲ ದಾಟಿಕೊಂಡೇ ಬರುತ್ತದೆ. ನಿಮ್ಮ ಪಂಚಾಯಿತಿಯ ಗಡಿಯಲ್ಲಿ ಒಂದು ದೊಡ್ಡ ಮೀಟರ್ ಕೂಡಿಸಿ ಸಗಟು ನೀರು ಕೊಡಲು ಅಡ್ಡಿ ತಾಂತ್ರಿಕವಾದದ್ದಲ್ಲ.

ಕಳೆದ ಬೇಸಿಗೆಯಲ್ಲಿ ಇಂಥದೇ ಒಂದು ಅಂಚಿನ ಊರಿನ ಪಂಚಾಯಿತಿ ಕಚೇರಿಯ ಜಗಲಿಯಲ್ಲಿ ಕೂತಿದ್ದೆ. ಉದ್ದನೆಯ ವಾಲ್ವ್ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟಿದ್ದ ವಾಟರ್‌ಮನ್‌ನನ್ನು ಅಜ್ಜಿಯೊಬ್ಬರು ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ‘ನಮ್ಮ ಬೀದಿಗೆ ಎರಡು ದಿನದಿಂದ ಯಾಕೋ ಬಿಟ್ಟಿಲ್ಲ?’ ಮೋಟಾರು ಸುಟ್ಟು ರಿವೈಂಡಿಂಗಿಗೆ ಹೋಗಿದೆ ಎಂದ. ಅಜ್ಜಿ ನಂಬಲಿಲ್ಲ, ಒಳಗಿದ್ದ ಸದಸ್ಯೆಯನ್ನು ಹೆಸರು ಹಿಡಿದು ಕೂಗಿದರು. ಆಕೆ ಹೊರಬಂದು, ಅಂಗಡಿಯವನಿಗೆ ಅಲ್ಲೇ ಫೋನು ಹಚ್ಚಿ, ಸಂಜೆಗೆ ಮೋಟಾರು ಬರುತ್ತದೆ ಎಂದು ಅಜ್ಜಿಯ ಕಿವಿಗೇ ಕೇಳಿಸಿದರು. ಪಾಲಿಕೆಯಲ್ಲಿ ಆ ಅಜ್ಜಿ ಯಾರ ಸೈಕಲ್ ಹಿಡಿಯಬೇಕು? ಅಲ್ಲಿ ಸಿಗುವುದು ದೂರಿನ ಸಂಖ್ಯೆ. ನಲ್ಲಿಯಲ್ಲಿ ಹನಿ ಬಾರದಿದ್ದರೂ ‘ದೂರು ಇತ್ಯರ್ಥವಾಗಿದೆ’ ಎಂದು ಮೊಬೈಲಿಗೆ ಸಂದೇಶ ಬರುತ್ತದೆ.

ಕಾರ್ಪೊರೇಟರ್ ಇರುತ್ತಾರಲ್ಲ ಅನ್ನುತ್ತೀರಿ. ಬಿಬಿಎಂಪಿ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆಯೂ, ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಾನಗರಕ್ಕೆ ಮಾತ್ರ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ಒಡೆಯುವವರೆಗೂ ಆಡಳಿತಾಧಿಕಾರಿಗಳದೇ ಕಾರುಬಾರು. 110 ಹಳ್ಳಿಗಳವರು ಪಂಚಾಯಿತಿ ಕಳೆದುಕೊಂಡರು, ಬದಲಿಗೆ ಬಂದ ಸದಸ್ಯರನ್ನೂ ಕಳೆದುಕೊಂಡರು. ಕೂಲಿ ನಂಬಿದ ಮನೆಗಳಿಗೆ ಗ್ರಾಮೀಣ ಉದ್ಯೋಗ ಖಾತರಿಯೂ ದಕ್ಕಲಿಲ್ಲ, ನಗರದ ಗಡಿಯೊಳಗೆ ಅದು ಸಿಗುವುದಿಲ್ಲ.

ಇನ್ನು ಗ್ರಾಮಸಭೆಯಲ್ಲಿ ಮಾತು ನಡೆಯದು ಎಂದಿರಿ. ವಾಸ ಇಲ್ಲಿ, ಮತ ಅಲ್ಲಿ ಇಟ್ಟುಕೊಂಡರೆ ನಡೆಯುವುದಾದರೂ ಹೇಗೆ? 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಸದಸ್ಯರಿಗಲ್ಲ, ಊರಿನ ಪ್ರತಿ ಮತದಾರನಿಗೆ ಕೊಟ್ಟಿದೆ. ಲೆಕ್ಕ ಕೇಳಬಹುದು, ಕಾಮಗಾರಿ ಪಟ್ಟಿ ತಿದ್ದಬಹುದು. ಓದಿದವರು, ಕಡತ ಬಲ್ಲವರು ನೀವು. ಅಲ್ಲಿ ಬಂದು ಕೂತಿದ್ದರೆ ಪಂಚಾಯಿತಿಗೆ ಎಷ್ಟು ಬಲ ಬರುತ್ತಿತ್ತು!

ನನ್ನ ಸಿಟ್ಟು ನಿಮ್ಮ ಮೇಲಷ್ಟೇ ಅಲ್ಲ. ನೀರಿನ ಮೂಲ ತೋರಿಸದ ಬಡಾವಣೆಗೆ ನಕ್ಷೆ ಮಂಜೂರು ಮಾಡಿದವರು ಯಾರು? ರಾಜಕಾಲುವೆಯ ಮೇಲೆ ಸೈಟು ಬಿದ್ದಾಗ ಸುಮ್ಮನಿದ್ದವರು ಯಾರು? ನಿಮಗೆ ಸೈಟು ಮಾರಿದವರು ಕಾವೇರಿಯ ಆಸೆ ತೋರಿಸಿ ದುಡ್ಡು ಎಣಿಸಿಕೊಂಡು ಹೋದರು. ಈಗ ನೀವು ಜಗಳವಾಡುತ್ತಿರುವುದು ನಿಮ್ಮಷ್ಟೇ ಬಾಯಾರಿದ ಹಳೇ ಊರಿನವರ ಜೊತೆ. ಅವರ ಕೆರೆಗೆ ಬೀಳುತ್ತಿರುವುದು ನಿಮ್ಮ ಬಡಾವಣೆಗಳ ಕೊಳಚೆ, ಅದನ್ನೂ ನೆನಪಿಡಿ.

ಅರ್ಜಿ ಹರಿಯಬೇಡಿ, ಒಕ್ಕಣೆ ಬದಲಿಸಿ. ಪಂಚಾಯಿತಿಯ ಹೆಸರಿಗೇ ಸಗಟು ನೀರು, ಕೊಳಚೆ ಶುದ್ಧೀಕರಣ ಘಟಕಕ್ಕೆ ಗುರುತಿಸಿದ ಜಾಗ, ಕಾಮಗಾರಿ ಮುಗಿಸುವ ದಿನಾಂಕ, ಮನೆಯೊಂದಕ್ಕೆ ಬೀಳುವ ಶುಲ್ಕ, ಇಷ್ಟನ್ನು ಲಿಖಿತವಾಗಿ ಕೇಳಿ. ನಿಮ್ಮ ಮತವನ್ನು ಊರಿಗೆ ವರ್ಗಾಯಿಸಿಕೊಳ್ಳಿ, ಆ ಅರ್ಜಿಯನ್ನು ಮುಂದಿನ ಗ್ರಾಮಸಭೆಗೆ ಒಯ್ಯಿರಿ. ಹಳೇ ಊರಿನವರು ಅದಕ್ಕೂ ಸಹಿ ಹಾಕದಿದ್ದರೆ ಅವರ ಕಾರಣವನ್ನು ಅವರ ಕೈಯಲ್ಲೇ ಬರೆಸಿ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

– ಸಂಪಾದಕ